ಸ್ಟ್ರೀಮಿಂಗ್ ಸಾಕೇ, ಹೈ-ರೆಸ್ ಫೈಲ್ ಬೇಕೇ?



ಪುಣೆಯ ಕೇಳುಗರೊಬ್ಬರಿಂದ ಎರಡು ಪ್ರಶ್ನೆ ಬಂದಿದೆ. ಮೊದಲನೆಯದು: "ತಿಂಗಳಿಗೆ ಇಷ್ಟು ಅಂತ ಕೊಟ್ಟು ಮೊಬೈಲ್‌ನಲ್ಲಿ ಹಾಡು ಕೇಳ್ತೀನಿ. ಅದರಲ್ಲಿ ಜೀವವೇ ಇಲ್ಲ, ಹೈ-ರೆಸ್ ಫೈಲ್ ಡೌನ್‌ಲೋಡ್ ಮಾಡಿ ಕೇಳಿ ಅಂತ ಆಫೀಸಿನ ಗೆಳೆಯರು ಹೇಳ್ತಾರೆ, ನಿಜವೇ?" ಎರಡನೆಯದು: "ಎಲ್ಲಾ ಮೊಬೈಲ್‌ನಲ್ಲೇ ಸಿಗುವಾಗ ಮನೆಯಲ್ಲಿರುವ ಹಳೇ ಸಿ.ಡಿ., ಕ್ಯಾಸೆಟ್‌ಗಳನ್ನು ಗುಜರಿಗೆ ಹಾಕಬಹುದೇ?"

ಎರಡನೆಯದಕ್ಕೆ ಉತ್ತರ ಮೊದಲೇ ಹೇಳಿಬಿಡುತ್ತೇವೆ. ದಯವಿಟ್ಟು ಹಾಕಬೇಡಿ! ಕಾರಣ ಆಮೇಲೆ. ಮೊದಲನೆಯ ಪ್ರಶ್ನೆಗೆ ಮಾತ್ರ ಹೌದು-ಅಲ್ಲ ಅಂತ ಒಂದೇ ಮಾತಿನಲ್ಲಿ ಉತ್ತರಿಸಲಾಗದು. ಫೈಲಿನ ಮೇಲೆ ಬರೆದಿರುವ ಅಂಕಿ ಪಾತ್ರೆಯ ಅಳತೆಯನ್ನು ಹೇಳುತ್ತದೆಯೇ ಹೊರತು ಪಾತ್ರೆಯೊಳಗಿನ ಹಾಲು ಎಂಥದ್ದು ಅಂತ ಹೇಳುವುದಿಲ್ಲ. ಆದ್ದರಿಂದ ಮೊದಲು ಪಾತ್ರೆಯನ್ನು ನೋಡೋಣ, ಆಮೇಲೆ ಹಾಲಿನ ವಿಚಾರ.

ಅಂಕಿಗಳ ಲೆಕ್ಕ

1982ರಲ್ಲಿ ಬಂದ ಸಿ.ಡಿ.ಯಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ನಲ್ಲಿ ಬರೆದಿಡುತ್ತಾರೆ. ಎಡ, ಬಲ ಎರಡೂ ಸೇರಿದರೆ ಸೆಕೆಂಡಿಗೆ ಸುಮಾರು 1,411 ಕಿಲೋಬಿಟ್. ಅಂದರೆ 4 ನಿಮಿಷದ ಹಾಡಿಗೆ ಸುಮಾರು 42 ಎಂಬಿ. ಹೈ-ರೆಸ್ ಅಂತ ಮಾರುವ ಫೈಲುಗಳು ಸಾಮಾನ್ಯವಾಗಿ 24 ಬಿಟ್‌ನವು, ಅಳತೆ ಸೆಕೆಂಡಿಗೆ 96,000 ಅಥವಾ 1,92,000 ಬಾರಿ. ಅದೇ 4 ನಿಮಿಷದ ಹಾಡು 96ರಲ್ಲಿ ಸುಮಾರು 138 ಎಂಬಿ, 192ರಲ್ಲಿ ಅದರ ಎರಡರಷ್ಟು. ಫ್ಲ್ಯಾಕ್ ಅನ್ನುವ ವಿಧಾನ (2001ರಿಂದ ಬಳಕೆಯಲ್ಲಿದೆ, ಉಚಿತ) ಇದನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆ. ನಾವು ಕಂಪ್ಯೂಟರ್‌ನಲ್ಲಿ ಜಿಪ್ ಮಾಡುತ್ತೇವಲ್ಲ, ಹಾಗೆ. ಬಿಚ್ಚಿದಾಗ ಒಂದೇ ಒಂದು ಬಿಟ್ಟೂ ಕಳೆದಿರುವುದಿಲ್ಲ. ಇನ್ನು 320 ಕೆಬಿಪಿಎಸ್ ಎಂಪಿ3 ಆದರೆ ಅದೇ ಹಾಡು 10 ಎಂಬಿಯೊಳಗೆ ಮುಗಿಯುತ್ತದೆ.

ಅಂಗಡಿಯವರು ಇಲ್ಲಿ ಒಂದು ಚಿತ್ರ ತೋರಿಸುತ್ತಾರೆ. ಸಿ.ಡಿ.ಯ ಧ್ವನಿ ಮೆಟ್ಟಿಲು ಮೆಟ್ಟಿಲಾಗಿ, ಹೈ-ರೆಸ್‌ನದು ನುಣುಪಾದ ಗೆರೆಯಾಗಿ! ನೋಡಲು ಚೆನ್ನಾಗಿದೆ, ಆದರೆ ಸುಳ್ಳು. ಒಂದು ಧ್ವನಿಯಲ್ಲಿರುವ ಅತಿ ಹೆಚ್ಚಿನ ಕಂಪನ ಎಷ್ಟೋ, ಅದರ ಎರಡರಷ್ಟಕ್ಕಿಂತ ಹೆಚ್ಚು ಬಾರಿ ಅಳೆದರೆ ಮೂಲ ಅಲೆಯನ್ನು ಮತ್ತೆ ಹಾಗೇ ಕಟ್ಟಬಹುದು ಅನ್ನುವುದು ಗಣಿತದಲ್ಲಿ ಸಾಬೀತಾದ ಸಂಗತಿ. ನಿಕ್ವಿಸ್ಟ್, ಶ್ಯಾನನ್ ಅವರ ಹೆಸರಿನಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಓದುವುದು ಇದನ್ನೇ. ಹೊರಗೆ ಬರುವಾಗ ಮೆಟ್ಟಿಲು ಇರುವುದಿಲ್ಲ. 44,100 ಬಾರಿ ಅಳೆದರೆ ಸುಮಾರು 22 ಕಿಲೋಹರ್ಟ್ಜ್‌ವರೆಗಿನ ಧ್ವನಿ ಪೂರ್ತಿಯಾಗಿ ಸಿಗುತ್ತದೆ. ಮನುಷ್ಯರ ಕಿವಿಗೆ ಕೇಳಿಸುವುದು ಹೆಚ್ಚೆಂದರೆ 20, ಅದೂ ಎಳೆ ವಯಸ್ಸಿನಲ್ಲಿ. ನಲವತ್ತು-ಐವತ್ತು ದಾಟಿದ ಬಹಳ ಮಂದಿಗೆ 15-16ರ ಮೇಲೆ ಕೇಳಿಸುವುದೇ ಇಲ್ಲ. ಅಂದ ಹಾಗೆ ನಮ್ಮ ಎಫ್‌ಎಂ ಪ್ರಸಾರದಲ್ಲಿ ಧ್ವನಿ ಹೋಗುವುದು 15 ಕಿಲೋಹರ್ಟ್ಜ್‌ವರೆಗೆ ಮಾತ್ರ. ಆದರೂ "ನಿನ್ನೆ ಹಾಕಿದ ಪಿ.ಬಿ. ಶ್ರೀನಿವಾಸ್ ಹಾಡು ಬಹಳ ಚೆನ್ನಾಗಿತ್ತು" ಅಂತ ನೀವು ಬರೆಯುತ್ತೀರಲ್ಲ!

ಬಿಟ್ ಹೆಚ್ಚಾದರೆ? ಧ್ವನಿ "ಸೂಕ್ಷ್ಮ"ವಾಗುತ್ತದೆ ಅನ್ನುತ್ತಾರೆ. ನಿಜಕ್ಕೂ ಆಗುವುದು ಇಷ್ಟೇ: ಹಿನ್ನೆಲೆಯ ಸುಯ್ ಸದ್ದು ಇನ್ನೂ ಕೆಳಗಿಳಿಯುತ್ತದೆ. 16 ಬಿಟ್‌ನಲ್ಲಿ ಅತಿ ಮೆಲ್ಲಗಿನ ಸದ್ದಿಗೂ ಅತಿ ಜೋರಿನ ಸದ್ದಿಗೂ ನಡುವೆ ಸುಮಾರು 96 ಡೆಸಿಬೆಲ್ ಅಂತರ ಸಿಗುತ್ತದೆ. 24ರಲ್ಲಿ ಲೆಕ್ಕದ ಪ್ರಕಾರ 144 ಆದರೂ, ಒಳ್ಳೆಯ ಉಪಕರಣಗಳೂ ನಿಜದಲ್ಲಿ ಸುಮಾರು 120ಕ್ಕೆ ನಿಲ್ಲುತ್ತವೆ. ನಿಶ್ಶಬ್ದ ಅಂತ ನಾವು ಅಂದುಕೊಳ್ಳುವ ಮಲಗುವ ಕೋಣೆಯಲ್ಲೇ 30 ಡೆಸಿಬೆಲ್ ಸದ್ದಿರುತ್ತದೆ. ಫ್ಯಾನ್ ಹಾಕಿದರೆ ಮುಗಿದೇ ಹೋಯಿತು. ಸ್ಟುಡಿಯೊದಲ್ಲಿ 24 ಬಿಟ್ ಬಳಸುವುದಕ್ಕೆ ಬೇರೆ ಕಾರಣ ಇದೆ. ಹಾಡುವವರು ಯಾವಾಗ ಜೋರು ಮಾಡುತ್ತಾರೋ ಗೊತ್ತಿಲ್ಲ, ಮಟ್ಟವನ್ನು ಸ್ವಲ್ಪ ಕೆಳಗಿಟ್ಟು ರೆಕಾರ್ಡ್ ಮಾಡಿ ಆಮೇಲೆ ಹತ್ತಾರು ಟ್ರ್ಯಾಕ್ ಬೆರೆಸಬೇಕು. ಅದಕ್ಕೆ ಜಾಗ ಬೇಕು. ಅಡುಗೆ ಮಾಡುವಾಗ ದೊಡ್ಡ ಪಾತ್ರೆ ಬೇಕು, ಬಡಿಸುವಾಗ ತಟ್ಟೆ ಸಾಕು.

ಎಂಪಿ3 ಏನನ್ನು ಬಿಡುತ್ತದೆ?

ಮೈಸೂರು ದಸರಾ ಮೆರವಣಿಗೆಯಲ್ಲಿ ಬ್ಯಾಂಡ್ ಸೆಟ್ ಪಕ್ಕದಲ್ಲೇ ಹೋಗುತ್ತಿರುವಾಗ ಪಕ್ಕದವರು ಪಿಸುಗುಟ್ಟಿದರೆ ನಮಗೆ ಕೇಳಿಸುತ್ತದೆಯೇ? ಇಲ್ಲ. ಜೋರಾದ ಸ್ವರವೊಂದು ತನ್ನ ಹತ್ತಿರದ ಮೆಲ್ಲಗಿನ ಸ್ವರವನ್ನು ಮುಚ್ಚಿಹಾಕುತ್ತದೆ. ಕೇಳಿಸದ್ದನ್ನು ಯಾಕೆ ಬರೆದಿಡಬೇಕು ಅನ್ನುವುದೇ ಎಂಪಿ3, ಎಎಸಿ, ಆಗ್ ವೋರ್ಬಿಸ್ ಮುಂತಾದವುಗಳ ಹಿಂದಿನ ಯೋಚನೆ. ಎಂಪಿ3ಯನ್ನು ರೂಪಿಸಿದ ಜರ್ಮನಿಯ ಕಾರ್ಲ್‌ಹೈನ್ಜ್ ಬ್ರಾಂಡೆನ್‌ಬರ್ಗ್ ಅವರು ಪರೀಕ್ಷೆಗೆ ಬಳಸಿದ ಹಾಡುಗಳಲ್ಲಿ ಸುಜಾನ್ ವೇಗಾ ಅವರ 'ಟಾಮ್ಸ್ ಡೈನರ್' ಹೆಸರಾಗಿದೆ. ವಾದ್ಯವೇ ಇಲ್ಲದ ಬರೀ ಕಂಠ. ಮುಚ್ಚಿಕೊಳ್ಳಲು ಬೇರೆ ಸದ್ದು ಇಲ್ಲದ್ದರಿಂದ ತಪ್ಪೆಲ್ಲ ಎದ್ದು ಕಾಣುತ್ತಿತ್ತು.

ಈ ವಿಧಾನಕ್ಕೆ ಕಷ್ಟವಾಗುವುದು ಫಟ್ಟನೆ ಬೀಳುವ ಪೆಟ್ಟು. ಎಂಪಿ3 ಹಾಡನ್ನು ಸುಮಾರು 26 ಮಿಲಿಸೆಕೆಂಡಿನ ತುಂಡುಗಳಾಗಿ ನೋಡುತ್ತದೆ. ತುಂಡಿನ ನಡುವೆ ಪೆಟ್ಟು ಬಿದ್ದರೆ, ಉಳಿತಾಯ ಮಾಡುವಾಗ ಆದ ತಪ್ಪು ಇಡೀ ತುಂಡಿಗೆ ಹರಡುತ್ತದೆ. ಪೆಟ್ಟಿಗೆ ಮುಂಚೆಯೇ ಒಂದು ಸಣ್ಣ ಸರ್ ಅನ್ನುವ ಸದ್ದು ಕೇಳುತ್ತದೆ. ಒಳ್ಳೆಯ ಎನ್‌ಕೋಡರ್‌ಗಳು ಅಂಥ ಜಾಗದಲ್ಲಿ ತುಂಡನ್ನು ಇನ್ನೂ ಚಿಕ್ಕದು ಮಾಡುತ್ತವೆ, ಆದರೆ ಬಿಟ್ ಕಡಿಮೆಯಿದ್ದರೆ ಅವೂ ಸೋಲುತ್ತವೆ. ಯಕ್ಷಗಾನದ ಚಂಡೆ, ಭಜನೆಯ ಕೈತಾಳ, ಘಟ, ಗೆಜ್ಜೆ ಇವೆಲ್ಲ ಇದಕ್ಕೆ ಅಗ್ನಿಪರೀಕ್ಷೆ. 96 ಅಥವಾ 128 ಕೆಬಿಪಿಎಸ್‌ನಲ್ಲಿ ತಾಳದ ಝಣ್ ಅನ್ನುವ ನಾದ ಮರಳು ಸುರಿದ ಹಾಗಾಗುವುದನ್ನು ಯಾರು ಬೇಕಾದರೂ ಗುರುತಿಸಬಹುದು. 320ಕ್ಕೆ ಬಂದರೆ ಕೇಳಿ ಪಳಗಿದವರೂ ತಡಕಾಡುತ್ತಾರೆ.

ಕಣ್ಣು ಮುಚ್ಚಿ ಕೇಳಿದಾಗ

ಇದನ್ನು ಪರೀಕ್ಷಿಸಿ ನೋಡಿದವರು ಇದ್ದಾರೆ. 2007ರಲ್ಲಿ ಅಮೆರಿಕದ ಮೇಯರ್ ಮತ್ತು ಮೊರಾನ್ ಎಂಬವರು ಹೈ-ರೆಸ್ ಡಿಸ್ಕ್‌ಗಳನ್ನು ಒಮ್ಮೆ ನೇರವಾಗಿ, ಒಮ್ಮೆ ಸಿ.ಡಿ. ಗುಣಮಟ್ಟಕ್ಕೆ ಇಳಿಸಿ ಕೇಳಿಸಿದರು. ಯಾವುದು ಯಾವುದು ಅಂತ ಹೇಳದೆ. 554 ಸಲ ಕೇಳಿದಾಗ ಸರಿ ಉತ್ತರ ಬಂದದ್ದು 276 ಸಲ. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತಿತ್ತು. 2016ರಲ್ಲಿ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಜೋಶುವಾ ರೈಸ್ ಅವರು ಇಂಥ 18 ಅಧ್ಯಯನಗಳನ್ನು ಒಟ್ಟಿಗಿಟ್ಟು ಲೆಕ್ಕ ಹಾಕಿದರು. ಸರಿ ಉತ್ತರ ನೂರಕ್ಕೆ 52.3, ಮೊದಲೇ ತರಬೇತಿ ಪಡೆದವರಲ್ಲಿ ಸುಮಾರು 60. ಹಾಗಾಗಿ ವ್ಯತ್ಯಾಸ ಇಲ್ಲವೇ ಇಲ್ಲ ಅಂತ ನಾವು ಹೇಳುವುದಿಲ್ಲ. ಆದರೆ ಗೆಳೆಯರು ಹೇಳುವ "ಪರದೆ ಸರಿದ ಹಾಗೆ" ಅನ್ನುವಷ್ಟು ಖಂಡಿತ ಇಲ್ಲ.

ಇನ್ನೊಂದು ಪ್ರಸಂಗ ಇದಕ್ಕಿಂತ ರುಚಿಯಾಗಿದೆ. ಅಮೆರಿಕದ ಮೊಬೈಲ್ ಫಿಡೆಲಿಟಿ ಕಂಪನಿಯ ದುಬಾರಿ ಎಲ್‌ಪಿಗಳನ್ನು, ಮೂಲ ಟೇಪಿನಿಂದ ನೇರವಾಗಿ ತೆಗೆದವು, ಡಿಜಿಟಲ್ ಸೋಂಕೇ ಇಲ್ಲ ಅಂತ ನಂಬಿ ಪ್ರಪಂಚದ ಮಡಿವಂತ ಕೇಳುಗರು ಕೊಳ್ಳುತ್ತಿದ್ದರು. 2022ರಲ್ಲಿ ಗುಟ್ಟು ಹೊರಬಿತ್ತು. ವರ್ಷಗಳಿಂದ ಆ ಎಲ್‌ಪಿಗಳಲ್ಲಿ ಬಹಳಷ್ಟರ ನಡುವೆ ಡಿಜಿಟಲ್ ಹಂತ ಒಂದಿತ್ತು! ಅಷ್ಟು ವರ್ಷ ಯಾರ ಕಿವಿಯೂ ಅದನ್ನು ಹಿಡಿದಿರಲಿಲ್ಲ.

ಪಾತ್ರೆಯೊಳಗಿನ ಹಾಲು

ಹಾಗಾದರೆ ಒಂದೇ ಹಾಡು ಒಂದು ಕಡೆ ಚೆನ್ನಾಗಿ, ಇನ್ನೊಂದು ಕಡೆ ಸಪ್ಪೆಯಾಗಿ ಕೇಳುವುದು ನಮ್ಮ ಭ್ರಮೆಯೇ? ಅಲ್ಲ. ಅದು ಬಹಳ ಸಲ ನಿಜ. ಹೆಚ್ಚಿನ ಸಂದರ್ಭಗಳಲ್ಲಿ ಕಾರಣ ಮಾತ್ರ ಬೇರೆ.

ನಮ್ಮ ಕನ್ನಡ ಹಾಡುಗಳನ್ನೇ ತೆಗೆದುಕೊಳ್ಳಿ. ಅರವತ್ತು, ಎಪ್ಪತ್ತರ ದಶಕದ ಚಿತ್ರಗೀತೆಗಳಲ್ಲಿ ಹೆಚ್ಚಿನವು ಧ್ವನಿಮುದ್ರಣಗೊಂಡದ್ದು ಮದರಾಸಿನ ಸ್ಟುಡಿಯೊಗಳಲ್ಲಿ. (ಚೆನ್ನೈ ಕೇಳುಗರೇ, ನಿಮ್ಮ ವಡಪಳನಿ-ಕೋಡಂಬಾಕ್ಕಂ ಬೀದಿಗಳಲ್ಲೇ!) ಕೆಲವೇ ಮೈಕುಗಳ ಮುಂದೆ ಗಾಯಕರೂ ವಾದ್ಯಗಾರರೂ ಒಟ್ಟಿಗೆ ನಿಂತು, ಬಹುಪಾಲು ಮೋನೊದಲ್ಲಿ. ಅದು ಮೊದಲು ಪ್ಲೇಟಾಗಿ ಬಂತು, ಆಮೇಲೆ ಕ್ಯಾಸೆಟ್, ಆಮೇಲೆ ಸಿ.ಡಿ., ಈಗ ಸ್ಟ್ರೀಮಿಂಗ್. ಇಂದು ನಿಮ್ಮ ಫೋನಿಗೆ ಬರುವ ಹಾಡನ್ನು ಡಿಜಿಟಲ್ ಮಾಡುವಾಗ ಎದುರಿಗಿದ್ದದ್ದು ಮೂಲ ಟೇಪೋ, ಸವೆದ ಪ್ಲೇಟೋ, ಯಾರದೋ ಮನೆಯ ಕ್ಯಾಸೆಟ್ಟೋ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ಸಾಧಾರಣ ಕ್ಯಾಸೆಟ್ಟಿನಲ್ಲಿ ಸಿಗುವುದೇ ಐವತ್ತು ಚಿಲ್ಲರೆ ಡೆಸಿಬೆಲ್. ಅದನ್ನು 24 ಬಿಟ್, 192ಕ್ಕೆ ಏರಿಸಿದರೆ ಟೇಪಿನ ಸುಯ್ ಸದ್ದು ಅತ್ಯುತ್ತಮ ಗುಣಮಟ್ಟದಲ್ಲಿ ಕೇಳುತ್ತದೆ, ಅಷ್ಟೇ.

ಇದರ ಮೇಲೆ 'ರೀಮಾಸ್ಟರ್' ಅನ್ನುವುದೊಂದಿದೆ. ಒಳ್ಳೆಯವರ ಕೈಗೆ ಸಿಕ್ಕರೆ ಹಳೇ ಹಾಡಿಗೆ ಮರುಜೀವ ಬರುತ್ತದೆ. ಇಲ್ಲದಿದ್ದರೆ ಸುಯ್ ಸದ್ದು ತೆಗೆಯಲು ಹೋಗಿ ಗಾಯಕರ ಉಸಿರನ್ನೂ ತೆಗೆದಿರುತ್ತಾರೆ, ಅಥವಾ ಎಲ್ಲವನ್ನೂ ಒಂದೇ ಸಮ ಜೋರು ಮಾಡಿರುತ್ತಾರೆ. ಮೆಟಾಲಿಕಾ ತಂಡದ 'ಡೆತ್ ಮ್ಯಾಗ್ನೆಟಿಕ್' 2008ರಲ್ಲಿ ಬಂದಾಗ, ಆಲ್ಬಮ್‌ಗಿಂತ 'ಗಿಟಾರ್ ಹೀರೋ' ಎಂಬ ವಿಡಿಯೊ ಗೇಮ್‌ನಲ್ಲಿದ್ದ ಅದೇ ಹಾಡುಗಳು ಚೆನ್ನಾಗಿವೆ ಅಂತ ಅಭಿಮಾನಿಗಳೇ ಗಲಾಟೆ ಮಾಡಿದ್ದರು. ಗೇಮ್‌ಗೆ ಹೋದ ಪ್ರತಿಯಲ್ಲಿ ಆ ಜೋರು ಇರಲಿಲ್ಲ. ನಮ್ಮಲ್ಲಿ ತೊಂಬತ್ತರ ದಶಕದಲ್ಲಿ ಹಳೇ ಹಾಡಿಗೆ ಡ್ರಮ್ ಕುಟ್ಟಿ ಸೇರಿಸಿದ 'ಝಂಕಾರ್' ಕ್ಯಾಸೆಟ್‌ಗಳು ನೆನಪಿವೆಯೇ? ಝಂಕಾರನ್ನು ಹೈ-ರೆಸ್‌ನಲ್ಲಿ ಕೊಟ್ಟರೂ ಅದು ಝಂಕಾರೇ.

ಹೈ-ರೆಸ್ ಅಂತ ಮಾರಿದ್ದು ನಿಜವಾಗಿಯೂ ಹೌದೇ ಅಂತ ನೋಡಲು ಒಂದು ದಾರಿ ಇದೆ. ಸ್ಪೆಕ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಫೈಲ್ ತೆರೆದರೆ ಯಾವ ಎತ್ತರದವರೆಗೆ ಧ್ವನಿ ಇದೆ ಅನ್ನುವುದು ಬಣ್ಣದಲ್ಲಿ ಕಾಣುತ್ತದೆ. 96ರ ಫೈಲಿನಲ್ಲಿ 22 ಕಿಲೋಹರ್ಟ್ಜ್ ಹತ್ತಿರ ಗೋಡೆ ಕಟ್ಟಿದ ಹಾಗೆ ಎಲ್ಲ ನಿಂತುಹೋಗಿದ್ದರೆ ಅದು ಸಿ.ಡಿ.ಯನ್ನೇ ಉಬ್ಬಿಸಿದ್ದಿರಬಹುದು. 16ರ ಹತ್ತಿರವೇ ಕತ್ತರಿಸಿದ್ದರೆ ಮೂಲ 128ರ ಎಂಪಿ3 ಆಗಿರುವ ಸಂಭವವೇ ಹೆಚ್ಚು.

ಟ್ಯಾಂಕರ್ ನೀರು, ಮನೆಯ ನಲ್ಲಿ

ಬೀದಿಗೆ ಎಷ್ಟೇ ದೊಡ್ಡ ಟ್ಯಾಂಕರ್ ಬರಲಿ, ಬಚ್ಚಲಲ್ಲಿ ಬೀಳುವುದು ನಲ್ಲಿಯ ದಪ್ಪದಷ್ಟೇ ನೀರು. ಮಹಾನಗರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬ್ಲೂಟೂತ್ ಇಯರ್‌ಫೋನ್ ಇಲ್ಲಿ ನಲ್ಲಿ ಇದ್ದ ಹಾಗೆ. ಎಲ್ಲ ಬ್ಲೂಟೂತ್ ಇಯರ್‌ಫೋನ್‌ಗಳಲ್ಲೂ ಇರಲೇಬೇಕಾದ ಎಸ್‌ಬಿಸಿ ವಿಧಾನದಲ್ಲಿ ಸಾಮಾನ್ಯವಾಗಿ ಹೋಗುವುದು ಹೆಚ್ಚೆಂದರೆ 328 ಕೆಬಿಪಿಎಸ್. ಎಎಸಿ ಆದರೆ 256ರ ಆಸುಪಾಸು. ಸೋನಿಯವರ ಎಲ್‌ಡ್ಯಾಕ್ ಕೂಡ 990ಕ್ಕೆ ನಿಲ್ಲುತ್ತದೆ. 24 ಬಿಟ್, 96ರ ಹಾಡಿಗೆ ಬೇಕಾದದ್ದು 4,608! ಅಂದರೆ ದುಡ್ಡು ಕೊಟ್ಟು ತಂದ ಹೈ-ರೆಸ್ ಫೈಲನ್ನು ನಿಮ್ಮ ಫೋನೇ ಮತ್ತೆ ಹಿಂಡಿ, ಎಂಪಿ3ಯಂಥದ್ದೇ ಇನ್ನೊಂದು ರೂಪ ಮಾಡಿ ಕಿವಿಗೆ ಕಳಿಸುತ್ತಿದೆ. ಗೆಳೆಯರು ಹೈ-ರೆಸ್ ಹೊಗಳುವಾಗ ಅವರ ಕಿವಿಯಲ್ಲಿ ಏನಿದೆ ಅಂತ ಒಮ್ಮೆ ನೋಡಿ.

ವೈರ್ ಇರುವ ಇಯರ್‌ಫೋನ್ ಆದರೆ ಈ ತೊಡಕಿಲ್ಲ. ಫೋನಿನಲ್ಲಿ ತೂತು ಇಲ್ಲದಿದ್ದರೆ ಯುಎಸ್‌ಬಿ-ಸಿ ಗೆ ಸಿಕ್ಕಿಸುವ ಚಿಕ್ಕ ಅಡಾಪ್ಟರ್ ಸಿಗುತ್ತದೆ. ಆಪಲ್ ಕಂಪನಿಯದ್ದು 24 ಬಿಟ್, 48ರವರೆಗೆ ಕೊಡುತ್ತದೆ, ಮಾಮೂಲಿ ಕೇಳುವಿಕೆಗೆ ಧಾರಾಳ ಸಾಕು. ಆದರೆ ಮುಂಬಯಿ ಲೋಕಲ್‌ನಲ್ಲೋ ದೆಹಲಿ ಮೆಟ್ರೊದಲ್ಲೋ ಹೋಗುವಾಗ ಸುತ್ತಲಿನ ಸದ್ದೇ 80 ಡೆಸಿಬೆಲ್ ಆಸುಪಾಸು ಇರುವಾಗ 160 ಕೆಬಿಪಿಎಸ್‌ಗೂ ಹೈ-ರೆಸ್‌ಗೂ ವ್ಯತ್ಯಾಸ ಹುಡುಕುವುದು ವ್ಯರ್ಥ. ಅಲ್ಲಿ ಕಿವಿಯನ್ನು ಸರಿಯಾಗಿ ಮುಚ್ಚುವ ಇಯರ್‌ಫೋನ್ ಇದ್ದರೆ ಲಾಭ. ಧ್ವನಿ ಏರಿಸುವುದೂ ತಪ್ಪುತ್ತದೆ, ಕಿವಿಯೂ ಉಳಿಯುತ್ತದೆ.

ಸ್ಟ್ರೀಮಿಂಗ್ ಕೂಡ ಮೊದಲಿನ ಹಾಗಿಲ್ಲ. ಆಪಲ್ ಮ್ಯೂಸಿಕ್ 2021ರಲ್ಲಿ 24 ಬಿಟ್, 192ರವರೆಗಿನ ನಷ್ಟವಿಲ್ಲದ ಧ್ವನಿಯನ್ನು ಹೆಚ್ಚಿನ ಹಣವಿಲ್ಲದೆ ಕೊಡಲು ಶುರುಮಾಡಿತು. ಸ್ಪಾಟಿಫೈ 2025ರ ಸೆಪ್ಟೆಂಬರ್‌ನಲ್ಲಿ 24 ಬಿಟ್, 44.1ರವರೆಗೆ ಕೊಡಲು ಆರಂಭಿಸಿತು (ನಿಮ್ಮ ಪ್ಲಾನ್‌ನಲ್ಲಿ ಸೇರಿದೆಯೇ ನೋಡಿಕೊಳ್ಳಿ). ಒಂದೇ ಮಾಸ್ಟರ್‌ನಿಂದ ಬಂದ ನಷ್ಟವಿಲ್ಲದ ಸ್ಟ್ರೀಮಿಗೂ ಡೌನ್‌ಲೋಡ್ ಮಾಡಿದ ಫೈಲಿಗೂ ಅಳತೆ ಒಂದೇ ಆಗಿದ್ದರೆ ಕಿವಿಗೆ ತಲುಪುವುದೂ ಒಂದೇ. ತಂತಿಯಲ್ಲಿ ಹರಿದು ಬಂದದ್ದಕ್ಕೆ ಧ್ವನಿ ತೆಳುವಾಗುವುದಿಲ್ಲ.

ತೊಂದರೆ ಇರುವುದು ಸೆಟ್ಟಿಂಗ್ಸ್‌ನಲ್ಲಿ. ಬಹಳ ಮಂದಿಯ ಆ್ಯಪ್‌ನಲ್ಲಿ ಗುಣಮಟ್ಟ 'ಆಟೋಮ್ಯಾಟಿಕ್' ಅಂತಲೇ ಇರುತ್ತದೆ. ಸಿಗ್ನಲ್ ಕುಗ್ಗಿದರೆ ಧ್ವನಿಯೂ ಕುಗ್ಗುತ್ತದೆ. ವೈಫೈಗೆ, ಮೊಬೈಲ್ ಡೇಟಾಗೆ, ಡೌನ್‌ಲೋಡಿಗೆ ಬೇರೆ ಬೇರೆ ಆಯ್ಕೆ ಇರುತ್ತವೆ, ಮೂರನ್ನೂ ನೋಡಿ. ಡೌನ್‌ಲೋಡಿನ ಗುಣಮಟ್ಟ ಏರಿಸಿ, ರಾತ್ರಿ ಮನೆಯ ವೈಫೈನಲ್ಲಿ ಇಳಿಸಿಕೊಂಡರೆ ಬೆಳಿಗ್ಗೆ ಸುರಂಗದಲ್ಲೂ ಹಾಡು ಮಸುಕಾಗುವುದಿಲ್ಲ. ಹಳೇ ಕನ್ನಡ ಹಾಡುಗಳನ್ನು ಯೂಟ್ಯೂಬ್‌ನಲ್ಲಿ ಕೇಳುವವರು ಒಂದು ಹಾಡಿಗೆ ಮೂರ್ನಾಲ್ಕು ಅಪ್‌ಲೋಡ್ ಹೋಲಿಸಿ ನೋಡಿ. ಎಂಪಿ3ಯಿಂದ ಎಂಪಿ3, ಅದರಿಂದ ಇನ್ನೊಂದು ಅಂತ ಜೆರಾಕ್ಸ್‌ನ ಜೆರಾಕ್ಸ್ ಆದವು ಅಲ್ಲಿ ಬಹಳ ಇವೆ.

ಪೆಟ್ಟಿಗೆ ಯಾಕೆ ಉಳಿಯಬೇಕು?

ನಮ್ಮ ಮಟ್ಟಿಗೆ ಫೈಲನ್ನು ಕೊಳ್ಳುವುದಕ್ಕೂ ಇಟ್ಟುಕೊಳ್ಳುವುದಕ್ಕೂ ನಿಜವಾದ ಕಾರಣ ಧ್ವನಿಯಲ್ಲ, ಹಾಡು ಕೈಯಲ್ಲಿ ಉಳಿಯುವುದು. ಫ್ಲಿಪ್‌ಕಾರ್ಟ್ 2012ರಲ್ಲಿ ಫ್ಲೈಟ್ ಅನ್ನುವ ಎಂಪಿ3 ಅಂಗಡಿ ತೆರೆದು 2013ರಲ್ಲಿ ಮುಚ್ಚಿತು. ಅಲ್ಲಿ ಕೊಂಡು ಇಳಿಸಿಟ್ಟುಕೊಂಡವರ ಹಾಡು ಇಂದಿಗೂ ನುಡಿಯುತ್ತದೆ. 2023ರ ಮಾರ್ಚ್‌ನಲ್ಲಿ ಒಪ್ಪಂದ ಮುರಿದು ಝೀ ಮ್ಯೂಸಿಕ್‌ನ ಹಾಡುಗಳು ಸ್ಪಾಟಿಫೈನಿಂದ ಮಾಯವಾದಾಗ ಜನರ ಪಟ್ಟಿಗಳಲ್ಲಿ ಖಾಲಿ ಜಾಗ ಉಳಿಯಿತು. 2024ರಲ್ಲಿ ಏರ್‌ಟೆಲ್ ತನ್ನ ವಿಂಕ್ ಮ್ಯೂಸಿಕನ್ನು ನಿಲ್ಲಿಸುವುದಾಗಿ ಹೇಳಿತು. ಆ್ಯಪ್‌ನೊಳಗೆ 'ಡೌನ್‌ಲೋಡ್' ಅಂತ ಒತ್ತುತ್ತೇವಲ್ಲ, ಅದು ನಿಮ್ಮ ಫೈಲ್ ಅಲ್ಲ. ಚಂದಾ ನಿಂತರೆ ಅದೂ ನಿಲ್ಲುತ್ತದೆ.

ಕನ್ನಡದ ಮಟ್ಟಿಗೆ ಇದು ಇನ್ನೂ ಗಂಭೀರ. 1978ರಲ್ಲಿ 'ನಿತ್ಯೋತ್ಸವ' ಕ್ಯಾಸೆಟ್ ಬಂದ ಮೇಲೆ ಭಾವಗೀತೆಗಳ ಕ್ಯಾಸೆಟ್‌ಗಳು ಊರೂರಿಗೆ ಹೋದವು. ಹೆಸರಾದವು ಸ್ಟ್ರೀಮಿಂಗ್‌ನಲ್ಲಿ ಸಿಗುತ್ತವೆ. ಆದರೆ ಸಣ್ಣಪುಟ್ಟ ಕಂಪನಿಗಳು ತಂದ ತಾಳಮದ್ದಳೆ, ಹರಿಕಥೆ, ಗೀಗೀ ಪದ, ಸಣ್ಣಾಟ, ಸಂಘ-ಸಂಸ್ಥೆಗಳು ತಾವೇ ಮಾಡಿಸಿದ ಕ್ಯಾಸೆಟ್‌ಗಳು ಎಷ್ಟೋ ಯಾವ ಆ್ಯಪ್‌ನಲ್ಲೂ ಇಲ್ಲ. ನಿಮ್ಮ ಮಂಚದ ಕೆಳಗಿನ ಪೆಟ್ಟಿಗೆಯಲ್ಲಿರುವುದೇ ಉಳಿದ ಪ್ರತಿ ಆಗಿದ್ದರೂ ಆಶ್ಚರ್ಯವಿಲ್ಲ. ಸಿ.ಡಿ.ಗಳ ವಿಚಾರದಲ್ಲೂ ಹಾಗೇ. ಜೋರು ಮಾಡುವ ಹುಚ್ಚು ಹತ್ತುವ ಮುಂಚಿನ ಹಳೇ ಸಿ.ಡಿ. ಇಂದಿನ ರೀಮಾಸ್ಟರ್‌ಗಿಂತ ಹಿತವಾಗಿ ಕೇಳುವುದುಂಟು.

ಸಿ.ಡಿ.ಯನ್ನು ಕಂಪ್ಯೂಟರಿಗೆ ಹಾಕುವಾಗ ಎಂಪಿ3 ಮಾಡಬೇಡಿ, ಫ್ಲ್ಯಾಕ್ ಮಾಡಿ. ಒಂದು ಸಿ.ಡಿ.ಗೆ 400 ಎಂಬಿ ಅಂತ ಹಿಡಿದರೂ ನೂರು ಸಿ.ಡಿ. 64 ಜಿಬಿ ಪೆನ್‌ಡ್ರೈವ್‌ನಲ್ಲಿ ಕೂರುತ್ತವೆ. ಕ್ಯಾಸೆಟ್ಟಿಗೆ ಸ್ವಲ್ಪ ತಾಳ್ಮೆ ಬೇಕು. ಮುಂಬಯಿ, ಚೆನ್ನೈನ ತೇವಕ್ಕೆ ಟೇಪಿಗೆ ಬೂಷ್ಟು ಹಿಡಿದಿದ್ದರೆ ಹಾಗೇ ಓಡಿಸಬೇಡಿ, ಡೆಕ್ಕಿನ ಹೆಡ್ಡಿಗೂ ಹತ್ತುತ್ತದೆ. ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಡೆಕ್ಕಿನ ಲೈನ್-ಔಟ್‌ನಿಂದ ಕಂಪ್ಯೂಟರಿಗೆ ಕೊಟ್ಟು 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ. ಹೌದು, ಇಲ್ಲಿ 24 ಬಿಟ್ ಕೆಲಸಕ್ಕೆ ಬರುತ್ತದೆ! ಸ್ಟುಡಿಯೊದವರ ಕಾರಣವೇ ನಿಮ್ಮದೂ, ಧ್ವನಿಯ ಮಟ್ಟ ಹೆಚ್ಚುಕಡಿಮೆಯಾದರೂ ಆಮೇಲೆ ಸರಿಮಾಡಬಹುದು. ಸುಯ್ ಸದ್ದು ತೆಗೆಯುವ ಪ್ರಯೋಗವನ್ನು ಪ್ರತಿಯ ಮೇಲೆ ಮಾಡಿ, ಮೂಲ ರೆಕಾರ್ಡಿಂಗನ್ನು ಹಾಗೇ ಇಡಿ. ಒಂದು ನಕಲು ಊರಿನ ಮನೆಯಲ್ಲೂ ಇರಲಿ. ಹೊಸದಾಗಿ ಕೊಳ್ಳುವವರಿಗೆ, ಸ್ವತಂತ್ರ ಕಲಾವಿದರು ಬ್ಯಾಂಡ್‌ಕ್ಯಾಂಪ್‌ನಲ್ಲಿ ಮಾರುವ ಸಂಗೀತ ಫ್ಲ್ಯಾಕ್ ರೂಪದಲ್ಲೇ ಸಿಗುತ್ತದೆ.

ನೀವೇ ಪರೀಕ್ಷೆ ಮಾಡಿ

ಇಷ್ಟಾದರೂ ನಮ್ಮ ಮಾತನ್ನು ಸುಮ್ಮನೆ ನಂಬಬೇಕಿಲ್ಲ. ಒಂದು ಫ್ಲ್ಯಾಕ್ ಫೈಲ್ ತೆಗೆದುಕೊಂಡು ಅದರಿಂದ ನೀವೇ 320ರ ಮತ್ತು 128ರ ಎಂಪಿ3 ಮಾಡಿಕೊಳ್ಳಿ. ಆಗ ಮೂರರ ಮೂಲವೂ ಒಂದೇ ಆಗುತ್ತದೆ. ಎರಡು ಬೇರೆ ಆ್ಯಪ್‌ಗಳನ್ನು ಹೋಲಿಸಿದರೆ ಒಂದು ತುಸು ಜೋರಾಗಿರುತ್ತದೆ, ಜೋರಾದದ್ದೇ ಚೆನ್ನಾಗಿದೆ ಅಂತ ಕಿವಿ ಮೋಸಹೋಗುತ್ತದೆ. ಒಂದೇ ಒಂದು ಡೆಸಿಬೆಲ್ ವ್ಯತ್ಯಾಸ ಸಾಕು. ಅಂಗಡಿಯ ಡೆಮೊದಲ್ಲಿ ಇದನ್ನು ಮರೆಯಬೇಡಿ. ಕಂಪ್ಯೂಟರಿನಲ್ಲಿ ಫೂಬಾರ್2000 ಅನ್ನುವ ಉಚಿತ ಪ್ಲೇಯರ್‌ಗೆ ಎಬಿಎಕ್ಸ್ ಅನ್ನುವ ಜೋಡಣೆ ಹಾಕಿಕೊಂಡರೆ ಅದೇ ಫೈಲುಗಳನ್ನು ಅದಲುಬದಲು ಮಾಡಿ ಕೇಳಿಸುತ್ತದೆ. ಅದು ಬೇಡವೆಂದರೆ ಮನೆಯವರೊಬ್ಬರನ್ನು ಬೆನ್ನ ಹಿಂದೆ ಕೂರಿಸಿ, ನಾಣ್ಯ ಚಿಮ್ಮಿ ಹಾಡು ಹಾಕಲು ಹೇಳಿ.

ಹಾಡು ಆರಿಸುವಾಗ ತಂಬೂರಿಯ ನಿಧಾನ ಆಲಾಪ ಬೇಡ, ಚಂಡೆಯೋ ಕೈತಾಳವೋ ಇರುವುದು ಇರಲಿ. ಮೊದಲು 128ರಿಂದ ಶುರುಮಾಡಿ, ಎಡವಟ್ಟು ಹೇಗೆ ಕೇಳುತ್ತದೆ ಅಂತ ಕಿವಿಗೆ ಪರಿಚಯವಾಗಲಿ. ಆಮೇಲೆ 320. ಹತ್ತು ಸಲದಲ್ಲಿ ಐದಾರು ಸರಿ ಬಂದರೆ ಅದು ಊಹೆ, ಒಂಬತ್ತು ಬಂದರೆ ನಿಮಗೆ ನಿಜವಾಗಿಯೂ ಕೇಳಿಸುತ್ತಿದೆ. ಅಂಥ ಕಿವಿ ಇದ್ದವರು ನಷ್ಟವಿಲ್ಲದ ಪ್ಲಾನ್‌ಗೆ ಧಾರಾಳವಾಗಿ ದುಡ್ಡು ಕೊಡಿ. ಐದಾರು ಬಂದವರು ಆ ದುಡ್ಡನ್ನು ಒಳ್ಳೆಯ ವೈರ್ ಇಯರ್‌ಫೋನಿಗೆ ಹಾಕಿ.

ಎಷ್ಟು ಸರಿ ಬಂತು ಅಂತ ನಮಗೆ ಬರೆದು ತಿಳಿಸಿ. ಯಾವ ಹಾಡು, ಯಾವ ಇಯರ್‌ಫೋನ್ ಅನ್ನುವುದನ್ನೂ ಬರೆಯಿರಿ. ಪೆಟ್ಟಿಗೆಯಲ್ಲಿ ಎಲ್ಲೂ ಸಿಗದ ಕ್ಯಾಸೆಟ್ ಏನಾದರೂ ಸಿಕ್ಕಿದ್ದರೆ ಅದರ ಹೆಸರು ಮೊದಲು ಬರೆಯಿರಿ.